ಒಂಟಿ ಗಾಲಿಗೆ ಕೊಟ್ಟ ಶಾಖ

2023ರ ಅಕ್ಟೋಬರ್ ತಿಂಗಳು. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಎಲೆಕ್ಟ್ರಿಕಲ್ ಫೋರ್‌ಮನ್ ಆಗಿ ನಾನು ನಿವೃತ್ತನಾಗಿ ಮೂರು ವರ್ಷವಾಗಿತ್ತು. ಊರಿನ ಕ್ಯಾಂಪ್ ಬಡಾವಣೆಯ ನಮ್ಮ ಬಾಡಿಗೆ ಮನೆಯ ಹಿಂದಿನ ಪಡಸಾಲೆಯಲ್ಲಿ ಒಂದು ಟೇಬಲ್, ಎರಡು ಮೀಟರ್, ಒಂದು ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಗುರುತಿನವರ ಮಿಕ್ಸರ್, ಪಂಪು, ಫ್ಯಾನು ರಿಪೇರಿ ಮಾಡುತ್ತಿದ್ದೆ. ಸುಮ್ಮನೆ ಕೂತರೆ ಅಡುಗೆಯಲ್ಲಿ ತಪ್ಪು ಹುಡುಕುತ್ತೇನೆಂದು ನನ್ನ ಹೆಂಡತಿ ಶಾಂತಾಳೇ ಆ ಟೇಬಲ್ ಹಾಕಿಸಿಕೊಟ್ಟಿದ್ದಳು. ನನಗೆ ಬಾರದ ಮಶೀನು ಇಲ್ಲ ಎಂಬ ಜಂಬ ನಿವೃತ್ತಿಯ ನಂತರವೂ ಒಂದು ಕೂದಲಿನಷ್ಟೂ ಕಡಿಮೆಯಾಗಿರಲಿಲ್ಲ.

ದಸರೆ ಮುಗಿದ ವಾರ ವಿನಾಯಕ ಬಂದ. ನನ್ನ ಜೊತೆ ಫೌಂಡ್ರಿಯಲ್ಲಿ ಕೆಲಸ ಮಾಡಿದ ಗೆಳೆಯನ ಮಗ, ವಯಸ್ಸು ಮೂವತ್ತೆಂಟು. ಗೆಳೆಯ ಈಗಿಲ್ಲ. ವಿನಾಯಕ ಖಾನಾಪುರದಲ್ಲಿ ತಾಯಿ, ಹೆಂಡತಿ, ಆರು ವರ್ಷದ ಮಗಳ ಜೊತೆ ಇರುತ್ತಾನೆ; ಬೆಳಗಾವಿಯ ಒಂದು ಕಚೇರಿಯಲ್ಲಿ ನೌಕರಿ. ಅವನ ಎರಡೂ ಅಂಗೈಗೆ ಬ್ಯಾಂಡೇಜ್ ಇತ್ತು. ಸೂಟ್‌ಕೇಸಿನಂತೆ ಹಿಡಿಕೆ ಹಿಡಿದು ಎಳೆದುಕೊಂಡು ಬಂದದ್ದು ಒಂದೇ ಒಂದು ಗಾಲಿ.

ಅದು ಎಲೆಕ್ಟ್ರಿಕ್ ಯುನಿಸೈಕಲ್. ಒಂದು ದಪ್ಪ ಟೈರು, ಅದರ ಎರಡೂ ಬದಿಗೆ ಪಾದ ಇಡಲು ಮಡಚುವ ಪಟ್ಟಿ. ಸೀಟಿಲ್ಲ, ಹ್ಯಾಂಡಲ್ ಇಲ್ಲ, ಬ್ರೇಕಿನ ಲಿವರ್ ಕೂಡ ಇಲ್ಲ. ಮುಂದಕ್ಕೆ ವಾಲಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಒಳಗಿನ ಸೆನ್ಸರ್ ಕ್ಷಣಕ್ಷಣಕ್ಕೂ ವಾಲಿಕೆ ಅಳೆದು, ಮನುಷ್ಯ ಬೀಳದ ಹಾಗೆ ಮೋಟಾರಿಗೆ ಕರೆಂಟು ಕೊಡುತ್ತದೆ. ಆ ಕರೆಂಟು ಅರ್ಧ ಸೆಕೆಂಡು ತಪ್ಪಿದರೂ ಸವಾರ ಮುಖ ಕೆಳಗಾಗಿ ಬೀಳುತ್ತಾನೆ. ವಿನಾಯಕ ಖಾನಾಪುರದಿಂದ ಇದನ್ನು ರೈಲಿನಲ್ಲಿ ತಂದು, ಬೆಳಗಾವಿ ಸ್ಟೇಶನ್ನಿನಿಂದ ಕಚೇರಿಗೆ ಇದರ ಮೇಲೆ ಹೋಗುತ್ತಿದ್ದ. ಟಿಳಕವಾಡಿಯಲ್ಲಿ ಅದು ನಡುರಸ್ತೆಯಲ್ಲೇ ಕೈಕೊಟ್ಟಿತ್ತು.

ಕವಚ ಬಿಚ್ಚಿದಾಗ ಒಳಗಿನಿಂದ ಅರಿಶಿನ ಬಣ್ಣದ ನೀರು ಟೇಬಲ್ ಮೇಲೆ ಹರಿಯಿತು. ಕೇಳಿದರೆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಕಥೆ ಹೊರಬಂತು. ನಮ್ಮ ಕಡೆ ಆ ದಿನ ಲೇತ್ ಮಶೀನಿನಿಂದ ಹಿಡಿದು ಈಳಿಗೆಯವರೆಗೆ ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತಾರೆ. ವಿನಾಯಕ ತನ್ನ ಬೈಕಿನ ಜೊತೆ ಇದನ್ನೂ ಸರ್ವಿಸಿಂಗ್ ಅಂಗಡಿಗೆ ಒಯ್ದು ಪ್ರೆಶರ್ ನೀರು ಹೊಡೆಸಿ, ಅರಿಶಿನ ಬಳಿದು, ಚೆಂಡು ಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಓಡಿಸಿದ್ದ. ನಾನು ನಕ್ಕೆ. ಫೌಂಡ್ರಿಯಲ್ಲಿ ಪ್ರತಿ ವರ್ಷ ಖಂಡೇಪೂಜೆಯ ಮರುದಿನ ನನಗೆ ಇದೇ ಕೆಲಸವಿರುತ್ತಿತ್ತು: ಭಕ್ತಿಯಿಂದ ತೊಳೆದ ಮೋಟಾರುಗಳನ್ನು ಒಣಗಿಸುವುದು.

ಅದಕ್ಕೊಂದು ಪದ್ಧತಿಯಿತ್ತು. ದೊಡ್ಡ ತಗಡಿನ ಡಬ್ಬಿಯಲ್ಲಿ ಮೋಟಾರು ಇಟ್ಟು, ಒಳಗೆ ಇನ್ನೂರು ವ್ಯಾಟಿನ ಬಲ್ಬು ಉರಿಸಿ, ಮುಚ್ಚಳ ಹಾಕುವುದು. ಇದಕ್ಕೆ ನಾವು ಶಾಖ ಕೊಡುವುದು ಎನ್ನುತ್ತಿದ್ದೆವು. ಒಳಗಿನ ತಂತಿ ಸುರುಳಿಗೆ ವಾರ್ನಿಷ್ ಬಳಿದಿರುತ್ತದೆ. ನೀರಿನ ಅಂಶ ಪೂರ್ತಿ ಹೋದಾಗ ಬೆಚ್ಚಗಾದ ವಾರ್ನಿಷ್ಷಿನ ಸಿಹಿ ವಾಸನೆ ಬರುತ್ತದೆ. ಆ ವಾಸನೆ ಮೂಗಿಗೆ ಬಿದ್ದರೆ ಮೋಟಾರು ಬದುಕಿತು ಎಂದೇ ಲೆಕ್ಕ. ಮೀಟರ್ ಹಚ್ಚುವುದು ಆಮೇಲಿನ ಶಾಸ್ತ್ರ.

ಗಾಲಿಯೊಳಗಿನ ಎರಡು ಬ್ಯಾಟರಿ ಪ್ಯಾಕ್ ಮತ್ತು ಕಂಟ್ರೋಲ್ ಬೋರ್ಡು ಬಿಚ್ಚಿ ಅದೇ ಡಬ್ಬಿಯಲ್ಲಿಟ್ಟೆ. ನಾಜೂಕಿನ ವಸ್ತುವೆಂದು ಬಲ್ಬು ನೂರು ವ್ಯಾಟಿನದು ಹಾಕಿದೆ. ಥರ್ಮಾಮೀಟರ್ ಎಂಬತ್ತು ಡಿಗ್ರಿ ದಾಟದ ಹಾಗೆ ನೋಡಿಕೊಂಡೆ ಎಂದು ಹೆಮ್ಮೆಯಿಂದ ಡೈರಿಯಲ್ಲೂ ಬರೆದುಕೊಂಡೆ. ಲಿಥಿಯಂ ಸೆಲ್ಲಿಗೆ ಅರವತ್ತು ಡಿಗ್ರಿಯೇ ಹೆಚ್ಚು ಎಂಬುದು ನನಗೆ ಗೊತ್ತಿರಲಿಲ್ಲ. ಯಾರನ್ನಾದರೂ ಕೇಳಬೇಕು ಎಂದೂ ಅನಿಸಲಿಲ್ಲ.

ಎರಡು ಹಗಲು ಶಾಖ ಕೊಟ್ಟೆ. ಶುಕ್ರವಾರ ಮಧ್ಯಾಹ್ನ ಪಡಸಾಲೆಗೆ ಬಂದ ಶಾಂತಾ ಮೂಗು ಮುಚ್ಚಿಕೊಂಡು, "ಉಗುರಿಗೆ ಹಚ್ಚೋ ಬಣ್ಣದ ವಾಸನಿ ಹೊಡ್ಯಾಕತ್ತೈತಿ, ನೋಡ್ರಿ" ಎಂದಳು. ಅದು ವಾರ್ನಿಷ್ಷು, ಅಂದರೆ ಕೆಲಸ ಆಯಿತೆಂದು ಅರ್ಥ, ಎಂದು ನಾನು ಅವಳಿಗೇ ಪಾಠ ಹೇಳಿದೆ. ಪ್ಯಾಕಿಗೆ ಮೀಟರ್ ಹಚ್ಚಿದರೆ ಎಪ್ಪತ್ತನಾಲ್ಕು ವೋಲ್ಟ್ ತೋರಿಸಿತು. ಒಳ್ಳೆಯ ಅಂಕಿಯೇ. ಗಾಲಿ ಜೋಡಿಸಿ, ಎರಡೂ ಕೈಯಲ್ಲಿ ಹಿಡಿದು ವಾಲಿಸಿ ನೋಡಿದೆ. ಹೇಳಿದ ಮಾತು ಕೇಳಿತು.

ಶನಿವಾರ ಸಂಜೆ ವಿನಾಯಕನ ಜೊತೆ ರೈಲಿನಲ್ಲಿ ನಾನೂ ಖಾನಾಪುರಕ್ಕೆ ಹೋದೆ. ಗೆಳೆಯ ತೀರಿಕೊಂಡ ಮೇಲೆ ಆ ಮನೆಗೆ ಕಾಲಿಟ್ಟಿರಲಿಲ್ಲ. ಹಳೆಯ ಹಂಚಿನ ಮನೆ, ಮೇಲೊಂದು ಮಾಳಿಗೆ, ಅಲ್ಲಿಗೆ ಒಂದೇ ಒಂದು ಕಟ್ಟಿಗೆಯ ಮೆಟ್ಟಿಲು. ಮಗಳು ಸಾನ್ವಿಗೆ ಜ್ವರ ಬಂದು ಮಾಳಿಗೆಯ ಮೇಲೆ ಮಲಗಿದ್ದಳು. ವಿನಾಯಕನ ತಾಯಿ, ಎಲ್ಲರೂ ಆಯಿ ಎಂದು ಕರೆಯುವವರು, ಚಹಾ ಕೊಟ್ಟರು. ಮೆಟ್ಟಿಲ ಕೆಳಗೆ ಒಳ್ಳೆಯ ಪ್ಲಗ್ ಪಾಯಿಂಟ್ ಕಂಡಿತು. ಇಲ್ಲಿಯೇ ಹಚ್ಚು, ಮಳೆಗಾಳಿಯ ಕಾಟವಿಲ್ಲ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿ ಐದು ತಾಸು ಫುಲ್ ಚಾರ್ಜ್ ಮಾಡು ಎಂದು ನಾನೇ ಜಾಗ ತೋರಿಸಿ, ನಾನೇ ಮುಹೂರ್ತ ಇಟ್ಟೆ. ಗಾಲಿಯ ಬೆನ್ನು ತಟ್ಟಿ, "ಆತು. ಇನ್ನ ಓಡಸಪಾ" ಎಂದೆ.

ಭಾನುವಾರ ಹತ್ತೂವರೆಗೆ ಪಕ್ಕದ ಮನೆಯವರ ಪಂಪಿನ ಮೋಟಾರು ಒಣಗಿಸಲೆಂದು ತಗಡಿನ ಡಬ್ಬಿಯ ಮುಚ್ಚಳ ತೆಗೆದೆ. ಖಾಲಿ ಡಬ್ಬಿಯಿಂದ ಅದೇ ಸಿಹಿ ವಾಸನೆ ಬಂತು. ತಳದಲ್ಲಿ ಎಣ್ಣೆಯಂಥ ಎರಡು ಕಲೆ. ವಾರ್ನಿಷ್ ಇಷ್ಟು ಹೊತ್ತು ಉಳಿಯುವುದಿಲ್ಲವಲ್ಲ ಎಂದುಕೊಂಡೆ. ಮರುಕ್ಷಣ ಇನ್ನೊಂದು ಮಾತು ಹೊಳೆಯಿತು. ಗಾಲಿಯ ಮೋಟಾರನ್ನು ನಾನು ಬಿಚ್ಚಿಯೇ ಇರಲಿಲ್ಲ. ಡಬ್ಬಿಯಲ್ಲಿಟ್ಟದ್ದು ಬರೀ ಬ್ಯಾಟರಿ ಮತ್ತು ಬೋರ್ಡು. ವಾರ್ನಿಷ್ ಬಳಿದ ತಂತಿ ಸುರುಳಿಯೇ ಅದರೊಳಗೆ ಇರಲಿಲ್ಲ.

ಹಾಗಾದರೆ ವಾಸನೆ ಬಂದದ್ದು ಸೆಲ್ಲಿನೊಳಗಿನ ದ್ರವದಿಂದ. ನನ್ನ ಶಾಖಕ್ಕೆ ಬಲ್ಬಿನ ಬದಿಯ ಸೆಲ್ಲುಗಳು ಸೀಲು ಬಿಟ್ಟಿದ್ದವು. ಆ ಪ್ಯಾಕಿನಲ್ಲಿ ಸೆಲ್ಲಿನ ಇಪ್ಪತ್ತು ಗುಂಪು ಸಾಲಾಗಿರುತ್ತವೆ. ನಾನು ಅಳೆದದ್ದು ಒಟ್ಟು ವೋಲ್ಟೇಜು ಮಾತ್ರ. ಒಂದು ಗುಂಪು ಸತ್ತರೂ ಉಳಿದ ಹತ್ತೊಂಬತ್ತು ಸೇರಿ ಅಂಕಿಯನ್ನು ಚೆಂದ ಕಾಣಿಸುತ್ತವೆ. ಪ್ರತಿ ಗುಂಪನ್ನೂ ಕಾಯಲು ಬಿಎಂಎಸ್ ಎಂಬ ಪುಟ್ಟ ಬೋರ್ಡು ಇರುತ್ತದೆ, ಆದರೆ ಅದೂ ಅರಿಶಿನದ ನೀರು ಕುಡಿದಿತ್ತು. ಇಂಥ ಪ್ಯಾಕಿಗೆ ಚಾರ್ಜರ್ ಹಚ್ಚಿದರೆ ಕಾದು ಕಾದು ಒಂದು ಹಂತದಲ್ಲಿ ತಾನಾಗಿಯೇ ಉರಿಯುತ್ತದೆ. ಚಾರ್ಜ್ ಶುರುವಾಗಿ ಆಗಲೇ ಒಂದೂವರೆ ತಾಸು. ಮೇಲೆ ಜ್ವರದ ಕೂಸು, ಇಳಿಯಲು ಒಂದೇ ಮೆಟ್ಟಿಲು, ಅದರ ಕೆಳಗೆ ಈ ಗಾಲಿ.

ವಿನಾಯಕನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಗಂಡಹೆಂಡತಿ ಗಾಲಿಯನ್ನು ಚಾರ್ಜಿಗೆ ಹಚ್ಚಿ ನಂದಗಡದಲ್ಲಿ ಸಂಬಂಧಿಕರ ಮನೆಯ ಕಾರ್ಯಕ್ಕೆ ಹೋಗಿದ್ದರು, ಫೋನು ಹೆಂಡತಿಯ ಬ್ಯಾಗಿನಲ್ಲಿ ಸದ್ದಿಲ್ಲದೆ ಕೂತಿತ್ತು ಎಂಬುದು ಆಮೇಲೆ ತಿಳಿಯಿತು. ಆ ಮನೆಯ ಬೇರೆ ಯಾರ ನಂಬರೂ ನನ್ನ ಹತ್ತಿರ ಇರಲಿಲ್ಲ, ಅಗ್ನಿಶಾಮಕದವರ ನೆನಪು ಆ ಗಾಬರಿಯಲ್ಲಿ ಬರಲೇ ಇಲ್ಲ. ಬಿಡದೆ ಫೋನ್ ಮಾಡುತ್ತಿರು ಎಂದು ಶಾಂತಾಗೆ ಹೇಳಿ ಸ್ಕೂಟರ್ ಹತ್ತಿದೆ.

ಕ್ಯಾಂಪಿನಿಂದ ಖಾನಾಪುರ ಇಪ್ಪತ್ತೈದು ಕಿಲೋಮೀಟರಿನ ಸುಮಾರು. ಪೀರನವಾಡಿಯಲ್ಲಿ ಲಾರಿಯೊಂದು ಅಡ್ಡ ನಿಂತು ಹತ್ತು ನಿಮಿಷ ತಿಂದಿತು. ಹಾರ್ನ್ ಹೊಡೆದೆ, ಬೈದೆ, ಬೈಸಿಕೊಂಡೆ. ದೇಸೂರು ದಾಟಿ ಸ್ಕೂಟರ್ ನಿಲ್ಲಿಸಿ ಶಾಂತಾಗೆ ಫೋನ್ ಮಾಡಿದರೆ, ಇನ್ನೂ ಯಾರೂ ಎತ್ತಿಲ್ಲ ಎಂದಳು. ನಾನು ಅತ್ತದ್ದು ಆಗ. ಹೆಲ್ಮೆಟ್ಟಿನ ಒಳಗೆ ಅತ್ತರೆ ಕಣ್ಣೊರೆಸಿಕೊಳ್ಳಲೂ ಬರುವುದಿಲ್ಲ. ಫೌಂಡ್ರಿಯಲ್ಲಿ ಕಾದ ಕಬ್ಬಿಣದ ಪಕ್ಕದಲ್ಲೇ ದಿನ ಕಳೆದವನು ನಾನು. ಆದರೆ ಅಷ್ಟು ಹೆದರಿಕೆ ಜನ್ಮದಲ್ಲಿ ಆಗಿರಲಿಲ್ಲ.

ಮನೆ ಮುಟ್ಟಿದಾಗ ಹನ್ನೊಂದೂ ಮುಕ್ಕಾಲು. ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ನಿಂತಾಗಲೇ ಆ ಸಿಹಿ ವಾಸನೆ ಹೊಡೆಯಿತು. ಮೆಟ್ಟಿಲ ಕೆಳಗೆ ಚಾರ್ಜರಿನ ಕೆಂಪು ದೀಪ ಉರಿಯುತ್ತಿತ್ತು. ಹೊಗೆ ಇರಲಿಲ್ಲ. ಆದರೆ ಕುಕ್ಕರ್ ಸೀಟಿ ಹೊಡೆಯುವ ಮೊದಲು ಬರುವಂಥ ಸಣ್ಣ ಸುಯ್ ಸದ್ದು ಗಾಲಿಯ ಒಳಗಿನಿಂದ ಬರುತ್ತಿತ್ತು.

ಬಾಗಿಲ ಬಳಿಯ ಮೇನ್ ಸ್ವಿಚ್ ಕೆಳಗೆಳೆದೆ. ಕೆಂಪು ದೀಪ ಆರಿತು, ಸದ್ದು ನಿಲ್ಲಲಿಲ್ಲ. ಕರೆಂಟು ಹೋಯಿತೆಂದು ಆಯಿ ಮೇಲಿನಿಂದ ಬಗ್ಗಿ ನೋಡಿದರು. ನನ್ನನ್ನು ಕಂಡು ಮುಖ ಅರಳಿತು. "ಬರ್ರಿ, ಕುಂದರ್ರಿ. ಚಾ ಇಡ್ತೀನಿ" ಎಂದರು.

"ಆಯಿ, ಚಾ ಬ್ಯಾಡ. ಕೂಸು ಎಲ್ಲೈತಿ? ಈಗಿಂದೀಗ ಹೊರಗ ಹೋಗಬೇಕು, ಏನೂ ಕೇಳಬ್ಯಾಡ್ರಿ."

ಅವರಿಗೆ ಮೊಣಕಾಲು ನೋವು, ಮಗುವನ್ನು ಎತ್ತಿಕೊಂಡು ಇಳಿಯಲಾರರು. ಅದೇ ಮೆಟ್ಟಿಲು ಹತ್ತಿ ಹೋದೆ. ನನ್ನ ಹೆಜ್ಜೆಯ ಕೆಳಗೇ ಆ ಸದ್ದು. ಸಾನ್ವಿ ನಿದ್ದೆಯಲ್ಲಿದ್ದಳು, ಮೈ ಕಾಯುತ್ತಿತ್ತು. ಹೆಗಲಿಗೆ ಹಾಕಿಕೊಂಡು ಇಳಿದೆ. ಆಯಿ ನನ್ನ ಹಿಂದೆ ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಹದಿಮೂರು ಮೆಟ್ಟಿಲು, ಆ ದಿನ ಎಣಿಸಿದ್ದು ಈಗಲೂ ಮರೆತಿಲ್ಲ. ಇಬ್ಬರನ್ನೂ ಎದುರಿನ ಮನೆಯ ಕಟ್ಟೆಯ ಮೇಲೆ ಕೂಡಿಸಿದೆ.

ಆಮೇಲೆ ಒಳಗೆ ಹೋದೆ. ಹೀಗೆ ಮಾಡಬೇಡಿ, ಹೊರಗೆ ನಿಂತು ಅಗ್ನಿಶಾಮಕದವರಿಗೆ ಫೋನ್ ಮಾಡಿ ಎಂದು ಇಂದು ಯಾರು ಕೇಳಿದರೂ ಹೇಳುತ್ತೇನೆ. ಆದರೆ ಆ ಕ್ಷಣ ಗೆಳೆಯನ ಮನೆ ನನ್ನ ಕೈಯಿಂದಲೇ ಸುಡುತ್ತದೆ ಎಂಬುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. ಹಿಡಿಕೆ ಹಿಡಿದು ಎಳೆದೆ. ಇಪ್ಪತ್ತನಾಲ್ಕು ಕಿಲೋ. ಹೊಸ್ತಿಲು ಒಂದು ಗೇಣು ಎತ್ತರ, ಅಲ್ಲಿ ಎತ್ತಲೇಬೇಕು. ಎತ್ತಿದಾಗ ಅಂಗಿಯ ಮೇಲಿಂದ ಹೊಟ್ಟೆಗೆ ಬಿಸಿ ತಾಗಿತು. ಅಂಗಳದ ಮೂಲೆಗೆ ಉರುಳಿಸಿ ಹಿಂದೆ ಸರಿದು ಹತ್ತು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಬಿಳಿ ಹೊಗೆ ಎದ್ದಿತು. ಅದರ ಬೆನ್ನಿಗೇ ಒಂದಾಳೆತ್ತರದ ಬೆಂಕಿ ಪಿಚಕಾರಿಯಂತೆ ಸಿಡಿಯಿತು. ಒಂದು ಪ್ಯಾಕ್ ಮುಗಿಯುವಷ್ಟರಲ್ಲಿ ಇನ್ನೊಂದು ಹೊತ್ತಿಕೊಂಡಿತು. ಓಣಿಯವರು ದೂರದಿಂದ ಪೈಪಿನಲ್ಲಿ ನೀರು ಬಿಡುತ್ತಲೇ ಇದ್ದರೂ ತಣ್ಣಗಾಗಲು ಮುಕ್ಕಾಲು ತಾಸು ಹಿಡಿಯಿತು.

ವಿನಾಯಕ ಮತ್ತು ಅವನ ಹೆಂಡತಿ ಬರುವ ಹೊತ್ತಿಗೆ ಓಣಿಯಲ್ಲಿ ನಾನು ದೊಡ್ಡ ಮನುಷ್ಯನಾಗಿಬಿಟ್ಟಿದ್ದೆ. ಬೆಳಗಾವಿಯಿಂದ ಓಡಿಬಂದು ಎರಡು ಜೀವ ಉಳಿಸಿದರು ಎಂದು ಒಬ್ಬರು ಶಾಲು ತರಲೂ ಹೊರಟಿದ್ದರು. ವಿನಾಯಕ ಮಗಳನ್ನು ಅಪ್ಪಿಕೊಂಡು, ನನ್ನ ಕೈ ಹಿಡಿದು, "ನಂದ ತಪ್ಪು ಕಾಕಾ. ನೀರು ಹೊಡಸಿದಾಂವ ನಾನ" ಎಂದು ಅತ್ತ.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಹೌದು, ಸುಮ್ಮನಿರಬೇಕೆಂದು ಒಂದು ಗಳಿಗೆ ನನಗೂ ಅನಿಸಿತು. ಮೂವತ್ತನಾಲ್ಕು ವರ್ಷದ ಹೆಸರು ಯಾರಿಗೆ ಬೇಡ? ಆದರೆ ಆ ಹುಡುಗಿ ಅಪ್ಪನ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

"ನೀರು ಹೊಡಸಿದ್ದು ನೀನ, ಖರೇ" ಎಂದೆ. "ಆದ್ರ ಸೆಲ್ ಕೆಡಸಿದ್ದು ನನ್ನ ಬಲ್ಬು. ವಾಸನಿ ಬಂದಿತ್ತು, ನಿಮ್ಮ ಕಾಕೂ ಹೇಳಿದ್ಲು. ನಾ ಕೇಳಲಿಲ್ಲ. ಇದು ನನ್ನ ತಪ್ಪು."

ಶಾಲಿನ ಮಾತು ಅಲ್ಲಿಗೇ ನಿಂತಿತು. ಆಗ ಆಯಿ ಬಾಯಿಬಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟು ದಿನ ನಾ ಇದನ್ನ ಒಳಗ ಹಚ್ಚಾಕ ಬಿಟ್ಟಿರಲಿಲ್ರಿ. ಅಂಗಳದಾಗ ಹಚ್ಚಸ್ತಿದ್ದೆ, ಅಂಜಿಕಿ ನಂಗ. ನಿನ್ನೆ ನೀವು ಆತು ಅಂದ್ರಿ. ಅದಕ್ಕ ಒಳಗ ಬಿಟ್ಟೆ, ಕೂಸಿನ್ನ ಇವತ್ತೂ ಮ್ಯಾಲೇ ಮಲಗಿಸಿದೆ."

ಆ ಮಾತು ಹೊತ್ತುಕೊಂಡೇ ಮನೆಗೆ ಬಂದೆ. ಓದು ಬರಹ ಹೆಚ್ಚಿಲ್ಲದ ಆ ಹೆಣ್ಣುಮಗಳು ಸರಿಯಾದ ಜಾಗದಲ್ಲೇ ಚಾರ್ಜ್ ಮಾಡಿಸುತ್ತಿದ್ದರು; ಬಯಲಿನಲ್ಲಿ, ಕಣ್ಣೆದುರಿಗೆ. ಅದನ್ನು ಒಳಗೆ ತರಿಸಿದವನು ಅನುಭವಸ್ಥ ಫೋರ್‌ಮನ್.

ನಾನು ಮಾಡಬೇಕಾಗಿದ್ದದ್ದು ಸರಳ. ನೀರು ಕುಡಿದ ಲಿಥಿಯಂ ಪ್ಯಾಕನ್ನು ಒಣಗಿಸುವ ಗೊಡವೆಗೇ ಹೋಗದೆ, ಅದನ್ನು ಬಲ್ಲವರ ಕೈಗೆ ಕೊಟ್ಟು, ಹೊಸ ಪ್ಯಾಕ್ ಹಾಕಿಸು ಎನ್ನಬೇಕಿತ್ತು. ಅಷ್ಟು ಹೇಳಲು ಇದು ನನಗೆ ಗೊತ್ತಿಲ್ಲ ಎಂಬ ಒಂದು ಮಾತು ಬೇಕಿತ್ತು, ಅದು ನನ್ನ ಬಾಯಲ್ಲಿ ಇರಲಿಲ್ಲ. ಫೌಂಡ್ರಿಯಲ್ಲಿ ನಾನು ಆತು ಎಂದ ಮೇಲೂ ಟೆಸ್ಟ್ ರನ್ ಇರುತ್ತಿತ್ತು, ಇನ್ನೊಬ್ಬರ ಸಹಿ ಬೀಳುತ್ತಿತ್ತು. ನನ್ನ ಎಷ್ಟು ತಪ್ಪುಗಳನ್ನು ಆ ಎರಡನೇ ಸಹಿ ಸದ್ದಿಲ್ಲದೆ ತಡೆದಿತ್ತೋ ಏನೋ, ನಾನು ಅದನ್ನೆಲ್ಲ ನನ್ನ ಜಾಣತನವೆಂದೇ ತಿಳಿದಿದ್ದೆ. ಮನೆಯ ಟೇಬಲ್ಲಿನಲ್ಲಿ ಎರಡನೇ ಸಹಿ ಇಲ್ಲ. ಅಲ್ಲಿಂದ ಹೊರಟ ನನ್ನ ಮಾತನ್ನೇ ನಂಬಿ ಒಂದು ಮನೆ ನಿದ್ದೆ ಹೋಗುತ್ತದೆ.

ಈಗಲೂ ರಿಪೇರಿ ಮಾಡುತ್ತೇನೆ. ವಸ್ತು ವಾಪಸು ಕೊಡುವಾಗ ಏನು ಮಾಡಿದೆ ಎನ್ನುವ ಮೊದಲು ಏನು ನೋಡಿಲ್ಲ, ಯಾವುದು ನನಗೆ ತಿಳಿಯಲಿಲ್ಲ ಎಂದು ಹೇಳುತ್ತೇನೆ. ಅದನ್ನು ಕೇಳಿ ಕೆಲವರು ವಸ್ತು ಎತ್ತಿಕೊಂಡು ಬೇರೆಯವರ ಹತ್ತಿರ ಹೋಗುತ್ತಾರೆ. ಹೋಗಲಿ ಬಿಡಿ. ಅವರ ಮನೆಯಲ್ಲೂ ಮಕ್ಕಳು ಮಲಗಿರುತ್ತಾರೆ.