ಉಪ್ಪುಗಾಳಿಗೆ ಎದುರು ನಿಂತ ಒರಸಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಲ ಕಡೆಯಿಂದ ಬೀಸುವ ಗಾಳಿಗೆ ಶೆಡ್ಡಿನ ತಗಡು ಕಟಕಟ ಎನ್ನುತ್ತಿದೆ. ಒಳಗೆ ಹೆಂಗಸೊಬ್ಬರು ಪೈಪು ಹಿಡಿದು ಬೂದುಬಣ್ಣದ ಹಳೆಯ ಕಾರಿನ ಸುತ್ತ ತಿರುಗುತ್ತಿದ್ದಾರೆ. ಮೊದಲು ಚಕ್ರದ ಸಂದಿಗೆ ನೀರು, ಆಮೇಲೆ ಹೊಟ್ಟೆಯ ಅಡಿಗೆ. ಬಾಗಿಲ ಕೆಳಗಿನ ಸಣ್ಣ ತೂತುಗಳನ್ನು ಪೊರಕೆಕಡ್ಡಿಯಿಂದ ಕೆದಕಿ, ಮರಳು ಉದುರಿದ ಮೇಲೆ ಮತ್ತೆ ನೀರು. ನಿನ್ನೆ ಸಂಜೆಯೂ ಇದೇ ಕಾರನ್ನು ತೊಳೆದಿದ್ದಾರೆ. ಇಂದು ಮತ್ತೆ ತೊಳೆಯುವ ಅಗತ್ಯವೇನೂ ಇಲ್ಲ, ಆದರೆ ಸುಮ್ಮನೆ ಕೂರಲು ಅವರಿಂದ ಆಗುತ್ತಿಲ್ಲ.

ಬೀದಿಯವರಿಗೆಲ್ಲ ಅವರು ಒರಸಕ್ಕ. ಬಸ್ಸಿಗೆ ಕಾಯುವಾಗಲೂ ಪಕ್ಕದಲ್ಲಿ ನಿಂತ ಯಾರದೋ ಸ್ಕೂಟರಿನ ಸೀಟು ಒರೆಸಿಬಿಡುವ ಹೆಂಗಸಿಗೆ ಬೇರೆ ಹೆಸರು ಅಂಟುವುದು ಕಷ್ಟ. ಅಲ್ಯೂಮಿನಿಯಂ ಮೈಯ ಕಾರುಗಳನ್ನು ಕಡಲಿನ ಉಪ್ಪಿನಿಂದ ಕಾಯುವುದು ಅವರ ಕಸುಬು. ದಿನಕ್ಕೆ ನಾಲ್ಕೈದು ಕಾರು ಬರುತ್ತವೆ. ಸಂಜೆಯ ಹೊತ್ತಿಗೆ ಬೆರಳ ಸಂದುಗಳು ಬಿರಿದು, ಊಟ ಮಾಡುವಾಗ ಖಾರ ಚುರ್ರೆನ್ನುತ್ತದೆ.

"ಅಲ್ಯೂಮಿನಿಯಂಗೆ ತುಕ್ಕೇ ಹಿಡಿಯಲ್ಲ ಅಂತಾರೆ ಜನ. ಕೆಂಪು ತುಕ್ಕು ಹಿಡಿಯಲ್ಲ, ನಿಜ. ಇದು ಬೆಳ್ಳಗೆ ಹಿಟ್ಟಿನ ಥರ ಏಳುತ್ತೆ. ಬಣ್ಣದ ಅಡಿಯಲ್ಲಿ ಸದ್ದಿಲ್ಲದೆ ತಿನ್ನುತ್ತೆ. ಬಣ್ಣ ಬೊಬ್ಬೆ ಎದ್ದಾಗಲೇ ನಮಗೆ ಗೊತ್ತಾಗೋದು," ಎನ್ನುತ್ತಾರೆ. ಮಾತಾಡುತ್ತಿರುವಾಗಲೂ ಕೈ ಬಂಪರನ್ನು ಉಜ್ಜುತ್ತಲೇ ಇರುತ್ತದೆ.

ಈ ಲೋಹದ ಗುಣವನ್ನು ಅವರಿಗೆ ಹೇಳಿಕೊಟ್ಟದ್ದು ತಾಯಿ. ಆಕೆ ದೋಣಿಕಟ್ಟೆಯಲ್ಲಿ ಅಲ್ಯೂಮಿನಿಯಂ ದೋಣಿಗಳ ತಳ ಉಜ್ಜುತ್ತಿದ್ದರು. ಕಬ್ಬಿಣ ಮುಟ್ಟಿದ ಬಟ್ಟೆ ದೋಣಿಗೆ ತಾಗಿದರೆ ಮಗಳ ಬೆನ್ನಿಗೊಂದು ಗುದ್ದು ಗ್ಯಾರಂಟಿ. ಕಬ್ಬಿಣವೂ ಅಲ್ಯೂಮಿನಿಯಮ್ಮೂ ನೇರವಾಗಿ ತಾಗಿ, ನಡುವೆ ಉಪ್ಪುನೀರು ಸೇರಿತೆಂದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಹಾಗಾಗಿ ಒರಸಕ್ಕನ ಶೆಡ್ಡಿನಲ್ಲಿ ಪ್ರತಿ ಸ್ಕ್ರೂವಿನ ಕೊರಳಿಗೂ, ಲೋಹಕ್ಕೆ ಲೋಹ ತಾಗದಂತೆ, ಒಂದು ನೈಲಾನ್ ಬಿಲ್ಲೆ ಇರುತ್ತದೆ.

ತಮಾಷೆಯೆಂದರೆ, ಇಂಥವರು ಕೈಹಿಡಿದದ್ದು ಗೇಟು, ಕಿಟಕಿ ಸರಳು ಬೆಸೆಯುವ ವೆಲ್ಡರನ್ನು. ಶೆಡ್ಡಿನ ಆಚೆ ಅರ್ಧ ಅವರದು, ಈಚೆ ಅರ್ಧ ಇವರದು, ನಡುವೆ ಒದ್ದೆ ಗೋಣಿಯ ಪರದೆ. ಆ ಕಡೆ ಗ್ರೈಂಡರು ಗರ್ರೆಂದರೆ ಸಾಕು, ಈ ಕಡೆಯಿಂದ ಬೈಗುಳ ಶುರು. ಕಬ್ಬಿಣದ ಧೂಳು ಕಾರಿನ ಮೇಲೆ ಕೂತರೆ ಕತೆ ಮುಗಿಯಿತು ಎಂಬುದು ಇವರ ವಾದ. ನಡುವೆ ಗೋಡೆ ಕಟ್ಟಿಸಿ ಎಂದು ಮದುವೆಯಾದಾಗಿನಿಂದ ಜೀವ ತಿನ್ನುತ್ತಿದ್ದಾರೆ. "ಗೋಡೆ ಕಟ್ಟಿದ್ರೆ ನಿನ್ನ ಬೈಗುಳ ಕೇಳಿಸಲ್ಲ, ನನಗೆ ಹೊತ್ತು ಹೋಗಬೇಕಲ್ಲ," ಎಂದು ಯಜಮಾನರು ನಕ್ಕು ಜಾರಿಕೊಳ್ಳುತ್ತಾರೆ.

ಇಂದಿನ ಚಡಪಡಿಕೆಗೆ ಕಾರಣ ಈ ಬೂದು ಕಾರು. ಇದು ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ನರ್ಸಮ್ಮನದು, ಅವರ ತಂದೆಯ ಕಾಲದ್ದು. ಬಲಬಾಗಿಲಲ್ಲಿ, ಕನ್ನಡಿಯ ಬುಡದ ಬಳಿ, ಎರಡು ಸಲ ಬೊಬ್ಬೆ ಎದ್ದಿತ್ತು. ಎರಡು ಸಲವೂ ಕೆರೆದು ಬಣ್ಣ ಹಚ್ಚಿದ ಒರಸಕ್ಕ, ತಪ್ಪನ್ನು ಗಂಡನ ಗ್ರೈಂಡರಿನ ಮೇಲೆ ಹೊರಿಸಿದ್ದರು. ಈಗ ಮೂರನೇ ಸಲ ಎದ್ದಿದೆ. "ಇನ್ನೊಂದು ಸಲ ಬಂದ್ರೆ ಗುಜರಿಗೆ ಕೊಟ್ಟುಬಿಡ್ತೀನಿ," ಎಂದು ನರ್ಸಮ್ಮ ಮೊದಲೇ ಹೇಳಿದ್ದಾರೆ. ಬೆಳಗ್ಗೆ ನೋಡಲು ಬರುತ್ತಾರೆ.

ನಿನ್ನೆ ಊಟದ ಹೊತ್ತಿನಲ್ಲಿ ಯಜಮಾನರು ಒಂದು ಮಾತು ಆಡಿದ್ದರು. "ಅಲ್ವೇ, ನನ್ನ ಧೂಳು ಹಾರಿದ್ರೆ ಕಾರಿನ ಮೈಯೆಲ್ಲಾ ಕೂರಬೇಕು. ಅದೇನು ಆ ಕನ್ನಡಿ ಹತ್ರಾನೇ ಹುಡುಕ್ಕೊಂಡು ಹೋಗಿ ಕೂರುತ್ತಾ?" ಆಗ ಮುಖ ತಿರುಗಿಸಿದ್ದ ಒರಸಕ್ಕನಿಗೆ ರಾತ್ರಿಯಿಡೀ ಆ ಮಾತು ಮುಳ್ಳಿನಂತೆ ಚುಚ್ಚಿದೆ.

ಪೈಪು ಬಿಸಾಡಿ ಅವರು ಕೊನೆಗೂ ಕನ್ನಡಿಯನ್ನೇ ಕಳಚುತ್ತಾರೆ. ಎರಡು ಸಲ ಬಣ್ಣ ಹಚ್ಚಿದಾಗಲೂ ಇದನ್ನು ಕಳಚಿರಲಿಲ್ಲ, ಸುತ್ತ ಕಾಗದ ಅಂಟಿಸಿ ಕೆಲಸ ಮುಗಿಸಿದ್ದರು. ಬುಡದಲ್ಲಿ ಬಿಳಿ ಹಿಟ್ಟು ಉದುರುತ್ತದೆ. ಅದರೊಳಗೆ ಎರಡು ಸ್ಕ್ರೂ, ಅಪ್ಪಟ ಕಬ್ಬಿಣದವು. ಕೊರಳಲ್ಲಿ ಬಿಲ್ಲೆಯೂ ಇಲ್ಲ. ಅವನ್ನು ಹಾಕಿದ ಕೈ ಯಾವುದೆಂದು ಒರಸಕ್ಕನಿಗೆ ನೆನಪಾಗುತ್ತದೆ. ಹಿಂದೊಮ್ಮೆ ಯಾರಿಗೋ ಹೆರಿಗೆ ನೋವು ಶುರುವಾಗಿದೆಯೆಂದು ನರ್ಸಮ್ಮ ತುದಿಗಾಲಲ್ಲಿ ನಿಂತಿದ್ದರು. ಸಡಿಲವಾದ ಕನ್ನಡಿ ಬಿಗಿಯಲು ಸರಿಯಾದ ಸ್ಕ್ರೂ ಮುಗಿದಿತ್ತು. ಒರಸಕ್ಕ ಪರದೆಯ ಅಡಿಯಿಂದ ಕೈಹಾಕಿ ಗಂಡನ ಡಬ್ಬಿಯಿಂದ ಎರಡು ತೆಗೆದಿದ್ದರು. ನಾಳೆ ಬದಲಾಯಿಸಿದರಾಯಿತು ಅಂದುಕೊಂಡಿದ್ದರು. ಆ ನಾಳೆ ಬರಲೇ ಇಲ್ಲ.

ಬೆಳಕು ಹರಿದು ಪರದೆಯಾಚೆ ಗ್ರೈಂಡರು ಶುರುವಾಗುವ ಹೊತ್ತಿಗೆ ನರ್ಸಮ್ಮ ಒಳಗೆ ಬರುತ್ತಾರೆ. ಒರಸಕ್ಕ ಸ್ಕ್ರೂಗಳನ್ನು ಸೆರಗಿನಲ್ಲಿ ಮುಚ್ಚಿಡಬಹುದಿತ್ತು. ತಪ್ಪು ಹೊರಿಸಲು ಕಡಲಿದೆ, ಗಾಳಿಯಿದೆ, ಬೈಸಿಕೊಳ್ಳಲು ಗಂಡನೂ ಇದ್ದಾರೆ. ಅವರು ಅಂಗೈ ಚಾಚುತ್ತಾರೆ. "ನಾನೇ ಹಾಕಿದ್ದು ನರ್ಸಮ್ಮ. ಅವಸರದಲ್ಲಿ. ಗಾಳೀದೂ ತಪ್ಪಲ್ಲ, ನಮ್ಮನೆಯವರದೂ ಅಲ್ಲ." ಪರದೆಯಾಚೆ ಗ್ರೈಂಡರು ಥಟ್ಟನೆ ನಿಲ್ಲುತ್ತದೆ.

ನರ್ಸಮ್ಮ ಸ್ಕ್ರೂಗಳನ್ನು ನೋಡುತ್ತಾರೆ, ಬಾಗಿಲನ್ನು ಬೆರಳಿಂದ ಒತ್ತುತ್ತಾರೆ. ತಿಂದುಹೋಗಿರುವುದು ಕಾಸಿನಗಲದಷ್ಟು ಜಾಗ, ಉಳಿದದ್ದೆಲ್ಲ ಗಟ್ಟಿ.

"ಕಾರಣ ಗೊತ್ತಿಲ್ಲದ ಜ್ವರಕ್ಕೆ ನನಗೆ ಭಯ. ಇದಕ್ಕೆ ಕಾರಣ ಸಿಕ್ತಲ್ಲ," ಎಂದು ನರ್ಸಮ್ಮ ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟು ನಡೆದೇ ಹೊರಡುತ್ತಾರೆ. ಬಾಗಿಲ ಬಳಿ ಮಾತ್ರ ತಿರುಗಿ, "ಈ ಸಲ ಅವಸರ ಮಾಡಬೇಡ," ಎನ್ನುತ್ತಾರೆ.

ಒರಸಕ್ಕನಿಗೆ ಅಳು ಬರುತ್ತದೆ, ಅತ್ತೇಬಿಡುತ್ತಾರೆ. ಯಜಮಾನರು ಪರದೆ ಸರಿಸಿ ತಲೆ ಹಾಕುತ್ತಾರೆ. "ಈಗಲಾದ್ರೂ ಗೋಡೆ ಆಸೆ ಬಿಟ್ಟೆಯಾ?"

"ಯಾಕೆ ಬಿಡ್ಲಿ? ಬೇರೇನೂ ಬೇಡ ನನಗೆ, ಒಂದು ಗೋಡೆ ಸಾಕು," ಎಂದು ಒರಸಕ್ಕ ಮೂಗು ಒರೆಸಿಕೊಳ್ಳುತ್ತಾರೆ. "ನಿಮ್ಮ ಧೂಳಿಗಲ್ಲ ರೀ. ನಿಮ್ಮ ಡಬ್ಬಿಗೆ ಹೋಗೋ ನನ್ನ ಕೈಗೆ."