ಬರಿ ಡಬ್ಬಿ

ಪರದೇಶದ ಜಾಗತಿಕ ಪ್ರದರ್ಶನಕ್ಕೆ ನಮ್ಮ ಪ್ರಾಂತದ ಸಾಮಾನು ಆರಿಸಿ ಕಳಿಸುವ ಪುಣೆಯ ಕಚೇರಿಯಲ್ಲಿ ನಾನಾಗ ಗುಮಾಸ್ತ. ಪೆಟ್ಟಿಗೆಗಳನ್ನು ಮುಂಬೈ ಗಾಡಿಗೆ ಏರಿಸುವ ದಿನ, ಕಸಬಾ ಪೇಟೆಯಲ್ಲಿದ್ದ ಬೆಳಗಾವಿ ಕಡೆಯ ಗಂಗಕ್ಕ ತಮ್ಮ ಗಂಡ ಮಾಡಿದ ತಾಮ್ರದ ಡಬ್ಬಿ ತಂದರು. ಮುಚ್ಚಳ ತೆಗೆದರೆ ಒಳಗೆ ತುಂಬ ಶೇಂಗಾ ಉಂಡಿ!

"ತಿನ್ನೋದು ಕಳಸೂ ಹಂಗಿಲ್ರಿ ಅಕ್ಕಾರ, ಸಾಹೇಬರ ಕಾನೂನದ," ಅಂದೆ.

"ಮಂದಿ ಮನಿಗೆ ಬರಿ ಡಬ್ಬಿ ಯಾರರ ಕಳಸ್ತಾರೇನ್ರಿ? ನಿಮ್ಮ ಸಾಹೇಬಗ ಅವರವ್ವ ಹೇಳಿಕೊಟ್ಟಿಲ್ಲೇನು?"

ಗಾಡಿಗೆ ಹೊತ್ತಾಗಿತ್ತು. ಡಬ್ಬಿ ಖಾಲಿ ಮಾಡಲು ಇಡೀ ಕಚೇರಿಯೇ ಉಂಡಿಗೆ ಕೈ ಹಾಕಿತು. ಸಾಹೇಬರೂ ಮೀಸೆಗೆಲ್ಲ ಶೇಂಗಾ ಪುಡಿ ಮೆತ್ತಿಕೊಂಡು ತಿಂದರು. ನಾವು ಕೈ ತೊಳೆದು ಬರುವಷ್ಟರಲ್ಲಿ ಗಂಗಕ್ಕ ಇನ್ನೊಂದು ಗಂಟು ಬಿಚ್ಚಿ ಮತ್ತೆ ಡಬ್ಬಿ ತುಂಬುತ್ತಿದ್ದರು! ಸಾಹೇಬರು ಹೊಟ್ಟೆ ಹಿಡಿದು ನಕ್ಕು, ಒಂದೇ ಒಂದು ಉಂಡಿ ಒಳಗೆ ಬಿಟ್ಟು ಪೆಟ್ಟಿಗೆಗೆ ಮೊಳೆ ಹೊಡೆಸಿದರು.

ಮರುವರ್ಷ ಡಬ್ಬಿ ಕೊರಳಿಗೆ ಪದಕ ಕಟ್ಟಿಕೊಂಡು ಬಂತು. ನಾನು ಕುಣಿಯುತ್ತ ಅವರ ಮನೆಗೆ ಓಡಿದೆ. ಗಂಗಕ್ಕ ಪದಕದ ಕಡೆ ನೋಡಲೇ ಇಲ್ಲ. ಮುಚ್ಚಳ ತೆಗೆದು ಇಣುಕಿ, ಡಬ್ಬಿ ಬೋರಲು ಹಾಕಿ ತಟ್ಟಿದರು.

"ಬರೇ ಡಬ್ಬಿ ತಿರುಗಿ ಕಳಿಸ್ಯಾರಲ್ರಿ! ಎಂಥಾ ಮಂದಿ ಅದಾರ್ರಿ!"

ಆ ಪದಕವನ್ನು ಡಬ್ಬಿಯ ಒಳಗಾದರೂ ಹಾಕಿದ್ದರೆ ಆ ದೇಶದ ಮರ್ಯಾದೆ ಉಳಿಯುತ್ತಿತ್ತು.