ಮುಮ್ತಾಜ ಬರೆದ ಐದು ಸಾಲಿನ ಸ್ಕ್ರಿಪ್ಟ್

ಬೆಟಗೇರಿಯ ಮುಮ್ತಾಜ ಹದಿನೆಂಟು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡಿದವಳು. ಲಗ್ನಪತ್ರಿಕೆ, ಕರಪತ್ರ, ಶಾಲೆಯ ಸ್ಮರಣ ಸಂಚಿಕೆ ಎಲ್ಲ ಅವಳ ಕೈಯಿಂದಲೇ ಹೋಗಿದ್ದವು. ಪ್ರೆಸ್ ಮುಚ್ಚಿದ ಮೇಲೆ, ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಕಂಪ್ಯೂಟರ್ ಓದಿ ಹೇಳುವ ಹಾಗೆ ಸಿದ್ಧಪಡಿಸುವ ಸಣ್ಣ ಸಂಸ್ಥೆಯೊಂದಕ್ಕೆ ಸೇರಿದಳು. ಅವಳು ಟೈಪ್ ಮಾಡಿದ್ದನ್ನು ಮುಂಡರಗಿಯಿಂದ ಹೇಮಪ್ಪ ತಿದ್ದುತ್ತಿದ್ದರು. ನಿವೃತ್ತ ಮಾಸ್ತರರಾದ ಅವರಿಗೂ ಕಣ್ಣು ಕಾಣುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಲೇ ತಪ್ಪಿದ ಒತ್ತಕ್ಷರವನ್ನೂ ಹಿಡಿಯುತ್ತಿದ್ದರು.

ಇಬ್ಬರ ಕೆಲಸವೂ ಗಿಟ್ ಎಂಬ ವ್ಯವಸ್ಥೆಯಲ್ಲಿ ಇರುತ್ತಿತ್ತು. ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರು ಎಂಬುದು ಅದರಲ್ಲಿ ಉಳಿಯುತ್ತದೆ. ಆದರೆ ಪ್ರತಿ ಪುಟ ಮುಗಿದಾಗಲೂ ಅವೇ ನಾಲ್ಕು ಆದೇಶ ಟೈಪ್ ಮಾಡಬೇಕು: ಬದಲಾದದ್ದನ್ನು ಸೇರಿಸು, ಟಿಪ್ಪಣಿ ಹಾಕಿ ದಾಖಲಿಸು, ಅವರದನ್ನು ತಾ, ನನ್ನದನ್ನು ಕಳಿಸು. ಒಂದು ದಿನ ಮುಮ್ತಾಜ ಕೊನೆಯದನ್ನು ಮರೆತಳು. ಹೊಸದು ತಲುಪದೆ ಹೇಮಪ್ಪ ಇಡೀ ಮುಂಜಾನೆ ಹಳೆಯ ಪ್ರತಿಯನ್ನೇ ತಿದ್ದಿದರು. ಅವರು ಬೈಯಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಯಿತು.

ಇಂಟರ್ನೆಟ್ಟಿನಲ್ಲಿ ಹುಡುಕಿ, ನಾಲ್ಕೂ ಆದೇಶಗಳನ್ನು ಒಂದೇ ಕಡತದಲ್ಲಿ ಬರೆದಳು. ಇವನ್ನು ಸಾಲಾಗಿ ನಡೆಸು ಎಂದು ಕಂಪ್ಯೂಟರಿಗೆ ಹೇಳುವ ಮೇಲಿನ ಒಂದು ಸಾಲು ಸೇರಿ ಐದು ಸಾಲು; ಇಂಥ ಆದೇಶಗಳ ಪಟ್ಟಿಗೆ ಶೆಲ್ ಸ್ಕ್ರಿಪ್ಟ್ ಎನ್ನುತ್ತಾರೆ. ತನ್ನ ಆಡುಮಾತಿನಲ್ಲೇ ‘ಕಳಸು’ ಎಂದು ಹೆಸರಿಟ್ಟಳು. ಆ ಹೆಸರು ಟೈಪ್ ಮಾಡಿದರೆ ನಾಲ್ಕೂ ಕೆಲಸ ತಾವಾಗಿಯೇ ಆಗುತ್ತಿದ್ದವು. ಎರಡು ವಾರ ಸುಸೂತ್ರವಾಗಿ ನಡೆಯಿತು. ಆಮೇಲೆ ಹೇಮಪ್ಪನವರ ಫೋನ್ ಬಂತು.

“ತಂಗೀ, ಏಳನೇ ಪಾಠದಾಗ ಏನ ಹಾಕೀರಿ? ‘ಚಿಕ್ಕದು ಚಿಕ್ಕದು ಚಿಕ್ಕದು’ ಅಂತ ಓದಾಕತ್ತೈತಿ. ಒಂದ ಸಾಲ ಎರಡೆರಡ ಸಲ ಬರಾಕತ್ತೈತಿ.”

ತೆರೆದು ನೋಡಿದರೆ ಹೌದು. ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದ ಕಡೆ ಗಿಟ್ ಎರಡನ್ನೂ ಇಟ್ಟು, ಸುತ್ತ ‘<<<’ ಥರದ ಗುರುತು ಹಾಕಿ, ನೀವೇ ಆರಿಸಿ ಎಂದು ನಿಂತಿತ್ತು. ಆ ‘<’ ಗುರುತನ್ನೇ ಕಂಪ್ಯೂಟರ್ ‘ಚಿಕ್ಕದು’ ಎಂದು ಓದುತ್ತಿತ್ತು. ಇಂಗ್ಲಿಷಿನ ಆ ಎಚ್ಚರಿಕೆಯನ್ನು ಅವಳು ಓದಿರಲಿಲ್ಲ. ಮತ್ತೊಮ್ಮೆ ‘ಕಳಸು’ ಎಂದಾಗ ಸ್ಕ್ರಿಪ್ಟ್ ಗುರುತುಗಳ ಸಮೇತ ಎಲ್ಲವನ್ನೂ ದಾಖಲಿಸಿ ಕಳಿಸಿಬಿಟ್ಟಿತ್ತು. ಮೂವತ್ತೊಂದು ಕಡೆ ಹಾಗಾಗಿತ್ತು.

“ನಿಮ್ಮ ಕೆಲಸಾ ಎಲ್ಲಾ ಹಾಳ ಮಾಡಿದೆ ಅಣ್ಣಾರ,” ಎಂದಳು.

“ಹಾಳ ಎಲ್ಲಿ ಆತು? ಇಬ್ಬರದೂ ಅದರಾಗ ಐತಲ್ಲ. ನೀವ ಓದ್ರಿ, ನಾ ಕೇಳ್ತೀನಿ.”

ಎರಡು ದಿನ ಫೋನಿನಲ್ಲೇ ಒಂದೊಂದು ಸಾಲು ಆರಿಸಿದರು. ಒಂದು ಕಡೆ ಹೇಮಪ್ಪ ‘ಬೆಲೆ’ ಎಂದು ತಿದ್ದಿದ್ದರು, ಪುಸ್ತಕದಲ್ಲಿ ‘ಬೆಳೆ’ ಇತ್ತು. “ಇದರಾಗ ನಿಮ್ಮದ ಖರೆ,” ಎಂದು ಅವರೇ ನಕ್ಕರು.

ನಂತರ ಮುಮ್ತಾಜ ಸ್ಕ್ರಿಪ್ಟ್ ಬದಲಿಸಿದಳು. ಒಂದು ಆದೇಶ ಕೆಟ್ಟರೆ ಮುಂದಿನದು ನಡೆಯಬಾರದು. ಕಳಿಸುವ ಮೊದಲು ಬದಲಾದ ಕಡತಗಳ ಹೆಸರು ತೋರಿಸಿ, ಹೌದೋ ಅಲ್ಲೋ ಎಂದು ಕೇಳಬೇಕು. ಹೇಮಪ್ಪ ಇನ್ನೊಂದು ಮಾತು ಹೇಳಿದರು: “ನಿಂತಾಗ ಕನ್ನಡದಾಗ ಹೇಳೂಹಂಗ ಮಾಡ್ರಿ. ನನಗೂ ತಿಳೀಲಿ.” ಅವಳು ‘ನಿಲ್ಲರಿ, ಇದೇ ಸಾಲ ಇನ್ನೊಬ್ಬರೂ ತಿದ್ದ್ಯಾರ’ ಎಂದು ಬರೆದು, ಹೊಸ ಸ್ಕ್ರಿಪ್ಟನ್ನು ಅವರಿಗೂ ಕಳಿಸಿದಳು.

ಈ ವರ್ಷ ಶಿರಹಟ್ಟಿಯ ಶೈಲಾ ತಿದ್ದುವ ಕೆಲಸಕ್ಕೆ ಸೇರಿದ್ದಾಳೆ. ಮೊದಲ ವಾರ ಮುಮ್ತಾಜ ಅವಳಿಗೆ ಸ್ಕ್ರಿಪ್ಟ್ ಕೊಡಲಿಲ್ಲ. ನಾಲ್ಕೂ ಆದೇಶಗಳನ್ನು ಕೈಯಿಂದಲೇ ಟೈಪ್ ಮಾಡಿಸಿ, ಒಂದೊಂದಕ್ಕೂ ಕಂಪ್ಯೂಟರ್ ಕೊಟ್ಟ ಉತ್ತರವನ್ನು ಗಟ್ಟಿಯಾಗಿ ಓದಿಸಿದಳು.